ಅಕ್ಕನ ಹರಕೆ, ನನ್ನ ಕಾಲು

ಎಂವಿಪಿ ಕಾಲೋನಿಯ ರೈತು ಬಜಾರಿನಿಂದ ತರಕಾರಿ ಚೀಲ ಹಿಡಿದು ಬರುತ್ತಿದ್ದಾಗ ಹಿಂದಿನಿಂದ ಒಬ್ಬ ಹೆಂಗಸು "ಅಮ್ಮಾ, ಚೆಪ್ಪು" ಎಂದು ಕೂಗಿದಳು. ತೆಲುಗಿನಲ್ಲಿ ಆ ಮಾತಿಗೆ ಹೇಳು ಎಂದೂ ಅರ್ಥ, ಚಪ್ಪಲಿ ಎಂದೂ ಅರ್ಥ. ಏನು ಹೇಳಬೇಕೆಂದು ತಿಳಿಯದೆ ನಿಂತೆ. ಆಕೆ ನನ್ನ ಪಾದದ ಕಡೆ ಕೈ ತೋರಿಸಿದಳು. ಎಡಗಾಲು ಬರಿಗಾಲಾಗಿತ್ತು. ಚಪ್ಪಲಿ ಎಲ್ಲೋ ಹಿಂದೆ ಕಳಚಿ ಬಿದ್ದಿತ್ತು. ಕಾದ ರಸ್ತೆಯ ಮೇಲೆ ಅಷ್ಟು ದೂರ ನಡೆದು ಬಂದಿದ್ದರೂ ನನಗೆ ಗೊತ್ತೇ ಆಗಿರಲಿಲ್ಲ.

ಮರುದಿನ ಬ್ಯಾಂಕಿನ ಮೆಟ್ಟಿಲು ಹತ್ತುವಾಗ ಮೊಣಕಾಲು ಕುಸಿಯಿತು. ಅದರ ಮರುದಿನ ಹಲ್ಲುಜ್ಜುವ ಬ್ರಷ್ ಬೆರಳಲ್ಲಿ ನಿಲ್ಲಲಿಲ್ಲ. ಎದುರು ಫ್ಲಾಟಿನ ದಂಪತಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿಯೇ ಲಿಫ್ಟಿನಲ್ಲಿ ಇಳಿಸಿ ಆಸ್ಪತ್ರೆಗೆ ಸೇರಿಸಿದರು. ಹುಬ್ಬಳ್ಳಿಯಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ಮೇಲೆ ಅವರ ಜೊತೆ ನಾನು ಆಡಿದ್ದು ನೀರಿನ ಟ್ಯಾಂಕರಿನ ವಿಷಯ ಮಾತ್ರ. ಐವತ್ತು ದಾಟಿದ, ಮದುವೆಯಾಗದ, ಒಬ್ಬಳೇ ಇರುವ ಬ್ಯಾಂಕ್ ಅಧಿಕಾರಿಯ ಬಗ್ಗೆ ಅವರಿಗೂ ಅದಕ್ಕಿಂತ ಹೆಚ್ಚು ತಿಳಿದಿರಲಿಲ್ಲ.

ನರಗಳಿಗೆ ಸಣ್ಣ ಸಣ್ಣ ಶಾಕ್ ಕೊಟ್ಟು ನೋಡಿದರು. ಬೆನ್ನಿನಿಂದ ನೀರು ತೆಗೆದರು. ಡಾಕ್ಟರು ರೋಗದ ಹೆಸರು ಹೇಳಿದರು: ಗಿಲ್ಲನ್ ಬಾರೆ. ಹಿಂದಿನ ತಿಂಗಳು ಹೊಟ್ಟೆ ಕೆಟ್ಟಿತ್ತಲ್ಲ, ಆಗ ಕ್ರಿಮಿಯ ಜೊತೆ ಕಾದಾಡಿದ ಮೈಯ ಕಾವಲೇ ಈಗ ದಾರಿ ತಪ್ಪಿ ನರಗಳ ಮೇಲೆ ಬಿದ್ದಿದೆ ಎಂದರು. ಕಾಲಿನಿಂದ ಮೇಲಕ್ಕೆ ಏರುತ್ತದೆ, ಎಲ್ಲಿ ನಿಲ್ಲುತ್ತದೆ ಹೇಳಲಾಗದು, ಹೆಚ್ಚಿನವರು ಎದ್ದು ನಡೆಯುತ್ತಾರೆ ಎಂದರು. ಆಮೇಲೆ, ನಿಮ್ಮವರು ಯಾರಿದ್ದಾರೆ ಎಂದು ಕೇಳಿದರು. ನಾನು ವಿಜಯವಾಡದಲ್ಲಿರುವ ಅಕ್ಕನ ನಂಬರ್ ಕೊಟ್ಟೆ.

ಈಗ ಇದನ್ನು ಬರೆಯುತ್ತಿರುವುದು ಇವತ್ತು ಯಾವುದೋ ಊರಿನ ಐಸಿಯುನಲ್ಲಿ ಚಾವಣಿ ನೋಡುತ್ತ ಮಲಗಿರುವ, ಪ್ರಾರ್ಥನೆ ಬಾರದ ಒಬ್ಬರಿಗಾಗಿ. ಸುತ್ತಲಿನವರೆಲ್ಲ ದೇವರ ಹೆಸರು ಹೇಳುವಾಗ ಹೇಳಲು ಏನೂ ಇಲ್ಲದವರಿಗಾಗಿ. ನಾನೂ ಹಾಗೇ ಮಲಗಿದ್ದೆ.

ನಮ್ಮದು ಗದಗು. ಗಿರಿಜಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಭಾವ ರೈಲ್ವೆಯಲ್ಲಿದ್ದರು, ಹುಬ್ಬಳ್ಳಿಯಲ್ಲಿ ಕೆಲಸ ಮಾಡುವಾಗ ಸಂಬಂಧ ಕೂಡಿ ಬಂತು. ಮದುವೆಯಾಗಿ ವಿಜಯವಾಡಕ್ಕೆ ಹೋದ ಅಕ್ಕ ಅಲ್ಲಿಯವಳೇ ಆದಳು. ಅವಳ ಕನ್ನಡ ಗದಗಿನದೇ ಉಳಿದಿದೆ, ನಡುನಡುವೆ ತೆಲುಗು ಬಂದು ಕೂರುತ್ತದೆ. ದೇವರು ಮಾತ್ರ ಪೂರ್ತಿ ಅಲ್ಲಿಯದು. ಊರಿನ ಬೆಟ್ಟ ಇಂದ್ರಕೀಲಾದ್ರಿಯ ಮೇಲಿರುವ ದೇವಿ, ಅಮ್ಮನನ್ನು ಕೇಳದೆ ಅವಳು ಮಗನಿಗೆ ಹೆಣ್ಣು ನೋಡಲೂ ಇಲ್ಲ, ಮನೆಗೆ ಬಣ್ಣ ಹೊಡೆಸಲೂ ಇಲ್ಲ. ನನಗೆ ಕಾಲೇಜಿನ ದಿನಗಳಿಂದಲೂ ನಂಬಿಕೆ ಇಲ್ಲ. ದೇವರ ಜೊತೆ ಜಗಳವೇನೂ ಆಗಿರಲಿಲ್ಲ. ಕೈ ಮುಗಿದು ನಿಂತಾಗ ಎದುರಿಗೆ ಯಾರೂ ಇಲ್ಲ ಅನಿಸುತ್ತಿತ್ತು, ಅಷ್ಟೇ. ಅಕ್ಕನ ಮನೆಗೆ ಹೋದಾಗ ದೇವರ ಮನೆಯ ಹೊರಗೆ ನಿಂತು ಅವಳ ಪೂಜೆ ಮುಗಿಯುವುದನ್ನು ಕಾಯುತ್ತಿದ್ದೆ. ಇಷ್ಟು ವರ್ಷ ಅದು ನಮ್ಮಿಬ್ಬರ ನಡುವೆ ದೊಡ್ಡ ವಿಷಯವಾಗಿರಲಿಲ್ಲ.

ಅಕ್ಕ ಬರುವಷ್ಟರಲ್ಲಿ ನನ್ನ ಸೊಂಟದ ಕೆಳಗೆ ಏನೂ ಅಲುಗುತ್ತಿರಲಿಲ್ಲ. ಅವಳು ಮಂಚದ ತುದಿಯಲ್ಲಿ ನಿಂತು ನನ್ನ ಪಾದಗಳನ್ನು ಮುಟ್ಟಿ ನೋಡಿದಳು, ಅಲುಗಿಸು ಎಂದಳು. ಆಗಲಿಲ್ಲ.

"ದೇವರ ಮನಿಯೊಳಗ ಒಂದಿನಾನೂ ಕಾಲಿಡಲಿಲ್ಲ ನೀ," ಎಂದಳು. "ಅದಕ್ಕ ಆಕಿ ಕಾಲು ಕಸಕೊಂಡ್ಲು."

ಸಿಟ್ಟಿನ ಮಾತಲ್ಲ, ಹೆದರಿಕೆಯ ಮಾತು ಎಂದು ನನಗೆ ಗೊತ್ತಿತ್ತು. ಆದರೂ ಆಮೇಲೆ ಕಂಡ ಸೂಜಿ, ನಳಿಕೆ, ಶಾಕ್ ಯಾವುದೂ ಆ ಮಾತಿನಷ್ಟು ನಾಟಲಿಲ್ಲ. ಉತ್ತರ ಕೊಡಬೇಕೆಂದುಕೊಂಡೆ, ನಾಳೆ ಕೊಟ್ಟರಾಯಿತು ಎಂದು ಸುಮ್ಮನಾದೆ. ಮರುದಿನ ಉಸಿರು ಸಾಲದಾಯಿತು. ಗಂಟಲಿಗೆ ನಳಿಕೆ ಹಾಕಿ ಯಂತ್ರಕ್ಕೆ ಜೋಡಿಸಿದರು. ಕೆಲವು ದಿನಗಳ ಮೇಲೆ ಕುತ್ತಿಗೆಯಲ್ಲೇ ರಂಧ್ರ ಮಾಡಿದರು. ಮಾತು ಹೋಯಿತು, ಮುಖವೂ ಸತ್ತಿತು. ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲವಾದ್ದರಿಂದ ನರ್ಸ್ ಬಂದು ಕಣ್ಣಿಗೆ ಮುಲಾಮು ಹಚ್ಚಿ ಹೋಗುತ್ತಿದ್ದಳು. ಕಣ್ಣುಗುಡ್ಡೆ ಮಾತ್ರ ನನ್ನದಾಗಿತ್ತು. ಹೌದಾದರೆ ಮೇಲೆ ನೋಡು, ಅಲ್ಲವಾದರೆ ಪಕ್ಕಕ್ಕೆ ನೋಡು ಎಂದು ಹೇಳಿಕೊಟ್ಟರು.

ಎಚ್ಚರ ಪೂರ್ತಿ ಇರುತ್ತದೆ, ಇದು ಹೊರಗಿನವರಿಗೆ ತಿಳಿಯುವುದಿಲ್ಲ. ಹೊದಿಕೆ ಚರ್ಮಕ್ಕೆ ತಾಗಿದರೆ ಕೆಂಡ ಇಟ್ಟಂತಾಗುತ್ತಿತ್ತು, ಸರಿಸಿ ಎನ್ನಲು ದಾರಿ ಇರಲಿಲ್ಲ. ಒಂದು ಮಧ್ಯಾಹ್ನ ಯಂತ್ರದ ನಳಿಕೆ ಕಳಚಿ, ಅಲಾರ್ಮ್ ಹೊಡೆದು, ನರ್ಸ್ ಓಡಿ ಬಂದು ಸರಿ ಮಾಡಿದಳು. ಅದಾದ ಮೇಲೆ ತುಂಬ ಹೊತ್ತು ಭಯ ಇಳಿಯಲಿಲ್ಲ. ಕರೆಯಲು ಯಾರಾದರೂ ಬೇಕು ಅನಿಸಿತು. ಆಗಲಾದರೂ ಬಾಯಿಗೆ ದೇವರ ಹೆಸರು ಬರುತ್ತದೇನೋ ಎಂದು ಕಾದೆ. ಬಂದಿದ್ದರೆ ತಡೆಯುತ್ತಿರಲಿಲ್ಲ. ಬರಲಿಲ್ಲ. ಬದಲಿಗೆ ಅಪ್ಪನ ಜೊತೆ ಹೋಗುತ್ತಿದ್ದ ಪ್ಯಾಸೆಂಜರ್ ರೈಲಿನ ನಿಲ್ದಾಣಗಳು ಬಂದವು: ಬಿಂಕದಕಟ್ಟಿ, ಹುಲಕೋಟಿ, ಅಣ್ಣಿಗೇರಿ, ಹೆಬಸೂರು, ಕುಸುಗಲ್ಲು. ಮುಗಿದರೆ ತಿರುಗಿ ಗದಗಿಗೆ ಬರುತ್ತಿದ್ದೆ. ನಂಬದವರಿಗೆ ಧೈರ್ಯ ಜಾಸ್ತಿ ಎಂದು ಕೆಲವರು ತಿಳಿದಿದ್ದಾರೆ. ನನ್ನ ಮಟ್ಟಿಗೆ ಸುಳ್ಳು. ಬೇಡಲು ಯಾರೂ ಇಲ್ಲ, ಬೈಯಲೂ ಯಾರೂ ಇಲ್ಲ. ಅಷ್ಟು ಒಂಟಿತನವನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ.

ಪರದೆಯ ಆಚೆ ಮಂಚದಲ್ಲಿ ಲಾವಣ್ಯ ಎಂಬ ಹುಡುಗಿ ಇದ್ದಳು. ಅವಳಿಗೂ ಇದೇ ರೋಗ. ಮಧುರವಾಡದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಆಗತಾನೆ ಪಾಠ ಹೇಳಲು ಸೇರಿದ್ದಳಂತೆ. ನಾನು ಅವಳ ಮುಖ ನೋಡಲಿಲ್ಲ, ದನಿ ಮಾತ್ರ ಕೇಳಿದ್ದೆ. ಅವಳ ಉಸಿರು ಇನ್ನೂ ಅವಳ ಕೈಯಲ್ಲೇ ಇದ್ದುದರಿಂದ ಬೆಳಗಿನ ಹೊತ್ತು ತೆಲುಗಿನಲ್ಲಿ ಏಸುವಿನ ಹಾಡುಗಳನ್ನು ಸಣ್ಣಗೆ ಹೇಳಿಕೊಳ್ಳುತ್ತಿದ್ದಳು. ಎತ್ತರದ ಸ್ವರ ಮುಟ್ಟಲಾಗದೆ ನಿಲ್ಲಿಸಿ, ಸುಧಾರಿಸಿಕೊಂಡು ಮತ್ತೆ ಹಿಡಿಯುತ್ತಿದ್ದಳು. ನನಗೆ ಆ ಹಾಡಿನ ದೇವರು ಬೇಕಿರಲಿಲ್ಲ, ಹುಡುಗಿ ಬೇಕಾಗಿದ್ದಳು. ಬೆಳಗಾಗುವುದನ್ನೇ ಕಾಯುತ್ತಿದ್ದೆ.

ಐಸಿಯು ಒಳಗೆ ಮನೆಯವರನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಿಡುತ್ತಿದ್ದರು. ಉಳಿದ ಹೊತ್ತು ಅಕ್ಕ ಹೊರಗಿನ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇರುತ್ತಿದ್ದಳು. ಅಲ್ಲೇ ಅವಳಿಗೆ ಲಾವಣ್ಯಳ ತಾಯಿ ಸುಗುಣಮ್ಮ ಜೊತೆಯಾದರು. ಶಾಲೆಯ ಟೀಚರ್, ಗಂಡ ಇಲ್ಲ, ಒಬ್ಬಳೇ ಮಗಳು. ಫ್ಲಾಸ್ಕಿನಲ್ಲಿ ತಂದ ರಾಗಿ ಗಂಜಿಯನ್ನು ಅಕ್ಕನಿಗೂ ಬಗ್ಗಿಸಿ ಕೊಡುತ್ತಿದ್ದರಂತೆ. ಅಕ್ಕ ಊಟಕ್ಕೆ ಹೋದಾಗ ಅವರು ನಮ್ಮ ಚೀಲ ನೋಡಿಕೊಳ್ಳುತ್ತಿದ್ದರು, ಅವರು ಹೋದಾಗ ಅಕ್ಕ. ಒಬ್ಬರ ರೋಗಿಗೆ ಏನಾದರೂ ಬೇಕಾದರೆ ಇಬ್ಬರೂ ಎದ್ದು ನಿಲ್ಲುತ್ತಿದ್ದರಂತೆ. ಇದೆಲ್ಲ ಅಕ್ಕ ನನ್ನ ಕಿವಿಯ ಬಳಿ ಕೂತು ಹೇಳುತ್ತಿದ್ದುದು.

ಹಾಗೆ ಕೂತ ಒಂದು ಸಂಜೆ ಅವಳು ಹರಕೆಯ ವಿಷಯವನ್ನೂ ಹೇಳಿದಳು. ನಾನು ಎದ್ದರೆ ನನ್ನನ್ನು ನಡೆಸಿಕೊಂಡು ಅಮ್ಮನ ಮುಂದೆ ಕರೆತರುತ್ತೇನೆ, ನನ್ನ ಬಾಯಿಂದಲೇ ತಪ್ಪಾಯಿತು ಎನ್ನಿಸುತ್ತೇನೆ ಎಂದು ಬೇಡಿಕೊಂಡಿದ್ದಾಳಂತೆ. ಹೌದನ್ನು, ಮೇಲೆ ನೋಡು ಎಂದಳು. ನಾನು ಪಕ್ಕಕ್ಕೆ ನೋಡಿದೆ. ಅವಳು ಮಂಚ ಸುತ್ತಿ ಆ ಕಡೆ ಬಂದು ಮತ್ತೆ ಕೇಳಿದಳು. ಮತ್ತೆ ಈ ಕಡೆ ನೋಡಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಸಮಯ ಮುಗಿಯುವ ಮುಂಚೆಯೇ ಹೊರಗೆ ಹೋದಳು. ಇಡೀ ದಿನ ಆ ಹೊತ್ತಿಗಾಗಿ ಕಾದಿದ್ದವಳು ನಾನು.

ಕೆಲವು ದಿನಗಳ ಮೇಲೆ ಅಕ್ಕ ಬುಸುಗುಟ್ಟುತ್ತ ಬಂದಳು. ಸುಗುಣಮ್ಮ ಅವಳ ಕೈ ಹಿಡಿದುಕೊಂಡು, ನೀವು ಇಷ್ಟು ಒಳ್ಳೆಯವರು ಗಿರಿಜಗಾರು, ಆದರೆ ಪ್ರಭುವನ್ನು ನಂಬದವರಿಗೆ ಮುಂದೆ ಏನಾಗುತ್ತದೋ ಎಂದು ನೆನೆದರೆ ನನಗೆ ನಿಮ್ಮ ಬಗ್ಗೆ ಭಯವಾಗುತ್ತದೆ ಎಂದಿದ್ದರು.

"ನನಗ, ಸುಧಾ," ಎಂದಳು ಅಕ್ಕ. "ದಿನಾ ಸ್ನಾನ ಮಾಡಿ ಲಲಿತಾ ಸಹಸ್ರನಾಮ ಹೇಳಾಕಿಗೆ. ನನಗ ನರಕ ಅಂತ."

ನನಗೆ ನಗು ಉಕ್ಕಿತು. ನಗಲು ಮುಖ ಇರಲಿಲ್ಲ. ನಗೆ ಹೊರಬರುವ ದಾರಿ ಕಾಣದೆ ಕಣ್ಣಲ್ಲಿ ನೀರಾಗಿ ಇಳಿಯಿತು. ನಾನು ಅಳುತ್ತಿದ್ದೇನೆಂದು ತಿಳಿದು ಅಕ್ಕ ಒರೆಸಿದಳು, ನೀ ಯಾಕ ಮನಸ್ಸಿಗೆ ಹಚ್ಚಿಕೋತೀ ಬಿಡು ಎಂದಳು. ಇಷ್ಟು ಹತ್ತಿರ ಕೂತವಳಿಗೂ ನಾನು ನಕ್ಕಿದ್ದು ತಿಳಿಯಲಿಲ್ಲ.

ಮರುದಿನ ಬಂದಾಗ ಅವಳ ದನಿ ತಗ್ಗಿತ್ತು. ಸ್ವಲ್ಪ ಹೊತ್ತು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಇಟ್ಟಳು.

"ಆಕಿ ನನ್ನ ಸಲುವಾಗಿ ಖರೇನ ಅಳ್ತಿದ್ಲು," ಎಂದಳು. "ನಾಟಕ ಅಲ್ಲ. ನನ್ನ ಮ್ಯಾಲೆ ಜೀವ ಇಟ್ಟ ಅಳ್ತಿದ್ಲು. ನನಗ ಮಾತ್ರ ಆಕಿ ಕೈ ಬಿಡಿಸಿಕೊಂಡು ಎದ್ದು ಹೋಗಬೇಕನಸ್ತು."

ಹಾಗೆಂದು ನನ್ನ ಮುಖ ನೋಡಿದಳು. ಆವತ್ತು ಹರಕೆಯ ಮಾತು ಎತ್ತಲಿಲ್ಲ.

ಅಷ್ಟರಲ್ಲಿ ಪರದೆಯಾಚೆಯ ಹಾಡು ನಿಂತಿತ್ತು. ಲಾವಣ್ಯಳಿಗೂ ಯಂತ್ರ ಹಾಕಿದ್ದರು. ನನ್ನದು ಮತ್ತು ಅವಳದು, ಎರಡೂ ಯಂತ್ರಗಳ ಸದ್ದು ಸ್ವಲ್ಪ ಹಿಂದೆ ಮುಂದೆ ಕೇಳುತ್ತಿತ್ತು. ನನ್ನ ಹುಬ್ಬು ಅಲುಗಿದ ದಿನ ನರ್ಸ್ ಸಂತೋಷದಿಂದ ಹೇಳಿದ್ದು ಪರದೆಯ ಆಚೆಗೂ ಕೇಳಿಸಿರಬೇಕು. ಅವಳ ಹೃದಯದ ಬಡಿತ ಹದ ತಪ್ಪುತ್ತಿದೆ ಎಂದು ಡಾಕ್ಟರುಗಳು ಇಂಗ್ಲಿಷಿನಲ್ಲಿ ಆಡಿಕೊಂಡಿದ್ದು ನನಗೆ ಕೇಳಿತು. ಈ ರೋಗದಲ್ಲಿ ಕೆಲವರಿಗೆ ಹಾಗಾಗುತ್ತದಂತೆ. ಒಂದು ಬೆಳಿಗ್ಗೆ ಅಲ್ಲಿ ತುಂಬ ಜನರ ಓಡಾಟವಾಯಿತು. ಒಬ್ಬರು ಎಣಿಸುತ್ತಿದ್ದರು, ಆಮೇಲೆ ಎಣಿಸುವುದನ್ನು ನಿಲ್ಲಿಸಿದರು. ಅಳು ಕೇಳುತ್ತದೆ ಎಂದು ಕಾದೆ. ಸುಗುಣಮ್ಮನನ್ನು ಒಳಗೆ ಕರೆದ ಮೇಲೂ ಅಳು ಕೇಳಲಿಲ್ಲ. ತಾಯಿ ತೀರ ಮೆಲ್ಲಗೆ ಏನೋ ಮಾತಾಡುತ್ತಿದ್ದರು. ಆ ಬೆಳಿಗ್ಗೆ ಅಕ್ಕ ನನ್ನ ಬಳಿ ಬರಲಿಲ್ಲ. ಸಂಜೆ ಬಂದು, ಆಚೆ ಮಂಚದ ಹುಡುಗಿಯನ್ನು ಬೇರೆ ಆಸ್ಪತ್ರೆಗೆ ಕರೆದೊಯ್ದರು ಎಂದಳು. ನಾನು ಮೇಲೆ ನೋಡಿದೆ, ಒಪ್ಪಿದೆ ಎಂಬಂತೆ.

ಮೇಲಿನಿಂದ ಕೆಳಕ್ಕೆ ಮೈ ನಿಧಾನವಾಗಿ ಮರಳಿತು. ಮೊದಲು ಮುಖ, ಆಮೇಲೆ ಉಸಿರು, ಆಮೇಲೆ ಕೈ. ಕುತ್ತಿಗೆಯ ರಂಧ್ರ ಮುಚ್ಚಿ ಮಾತು ಬಂದಾಗ ನನ್ನ ದನಿ ನನಗೇ ಬೇರೆಯವರದಂತಿತ್ತು. ಮೊದಲು ಕೇಳಿದ್ದು ನೀರು. ಕಾಲುಗಳು ಎಲ್ಲಕ್ಕಿಂತ ಕೊನೆಗೆ ಬಂದವು. ಒಬ್ಬಳೇ ಇರುವ ಸ್ಥಿತಿ ಇರಲಿಲ್ಲವಾದ್ದರಿಂದ ಅಕ್ಕನ ಮಗ ಕಾರು ತಂದು ನನ್ನನ್ನು ವಿಜಯವಾಡಕ್ಕೆ ಕರೆದೊಯ್ದ.

ಅಕ್ಕನ ಮನೆಯಲ್ಲಿ ನನಗೆ ಯಾವುದಕ್ಕೂ ಕೊರತೆ ಇರಲಿಲ್ಲ. ಸೊಸೆ ತೆಲುಗಿನಲ್ಲೇ ಪಿನ್ನಿಗಾರು, ಅಂದರೆ ಚಿಕ್ಕಮ್ಮ, ಎಂದು ಕರೆದು ಹೊತ್ತು ಹೊತ್ತಿಗೆ ತಿನ್ನಿಸುತ್ತಿದ್ದಳು. ಭಾವ ಬಾಲ್ಕನಿಯ ಕಂಬಿಗೆ ಹಗ್ಗ ಕಟ್ಟಿಕೊಟ್ಟು, ಹಿಡಿದು ನಿಲ್ಲಲು ಹೇಳಿದರು. ಬಂದವರೆಲ್ಲ ಅಮ್ಮನ ದಯೆ ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಅಲ್ಲ ಎಂದು ವಾದಿಸಲು ಅವರ ಪ್ರೀತಿ ಅಡ್ಡ ಬರುತ್ತಿತ್ತು, ಹೌದು ಎನ್ನಲು ಬಾಯಿ ಬರುತ್ತಿರಲಿಲ್ಲ. ಅಷ್ಟು ಜನರ ನಡುವೆಯೂ ನಾನು ಪರದೆಯ ಈಚೆಗೇ ಇದ್ದೆ. ಬಾಲ್ಕನಿಯಲ್ಲಿ ನಿಂತರೆ ಇಂದ್ರಕೀಲಾದ್ರಿ ಕಾಣುತ್ತಿತ್ತು. ಕೋಲು ಹಿಡಿದು ನಾನು ಹೆಜ್ಜೆ ಇಡುವಾಗ ಅಕ್ಕ ಒಮ್ಮೆ ನನ್ನ ಕಾಲು ನೋಡುವಳು, ಒಮ್ಮೆ ಬೆಟ್ಟ ನೋಡುವಳು.

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಇಬ್ಬರೂ ಪುಂಡಿಪಲ್ಲೆ ಬಿಡಿಸುತ್ತಿದ್ದೆವು. ಅಕ್ಕ ಈಗ ಅದನ್ನು ಗೋಂಗೂರ ಎನ್ನುತ್ತಾಳೆ. ಶುಕ್ರವಾರ ಹೋಗೋಣವಾ ಎಂದು ಸೊಪ್ಪಿನ ಕಡೆ ನೋಡಿಕೊಂಡೇ ಕೇಳಿದಳು. ಹೋದರೆ ಏನು ಕಳೆದುಕೊಳ್ಳುತ್ತೀ, ಒಂದು ಮಾತು, ನಿನಗೆ ನಂಬಿಕೆ ಇಲ್ಲದಿದ್ದರೆ ಅದು ಬರೇ ಮಾತು, ನನಗೆ ಮಾತ್ರ ಅಮ್ಮನಿಗೆ ಕೊಟ್ಟ ವಚನ ಎಂದಳು. ಹರಕೆ ತೀರದಿದ್ದರೆ ಮತ್ತೆ ಏನಾದೀತೋ ಎಂಬ ಭಯ ಅವಳಿಗಿತ್ತು. ಅವಳು ಹೇಳಿದ್ದು ನ್ಯಾಯವೇ. ಎಷ್ಟೋ ದಿನ ನಾನೂ ಹಾಗೇ ಯೋಚಿಸಿ, ಆಗಲಿ ಎನ್ನುವಷ್ಟು ಹತ್ತಿರ ಹೋಗಿದ್ದೆ.

"ಅಕ್ಕಾ, ತಪ್ಪಾತು ಅಂದ್ರ ಇದು ನನಗಾದ ಶಿಕ್ಷಾ ಅಂತ ನಾನಽ ಒಪ್ಪಿದಂಗ," ಎಂದೆ. "ನನಗ ಬಂದದ್ದು ಶಿಕ್ಷಾ ಆದ್ರ, ಲಾವಣ್ಯಾಗ ಬಂದದ್ದು ಏನು? ಆಕಿ ದಿನಾ ಹಾಡತಿದ್ಲು. ನಾ ಕೇಳೀನಿ."

ಅಕ್ಕನ ಕೈ ನಿಂತಿತು. ನಿನಗೆ ಗೊತ್ತಿತ್ತೇನು ಎಂದಳು. ಪರದೆಯ ಈಚೆಯಿಂದ ಎಲ್ಲ ಕೇಳಿದೆ ಎಂದೆ. ಅವಳು ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟಳು.

"ಬ್ಯಾರೆ ಆಸ್ಪತ್ರೆಗೆ ಹ್ವಾದ್ಲು ಅಂತ ಹೇಳಂದಾಕಿ ಸುಗುಣಮ್ಮ," ಎಂದಳು ಆಮೇಲೆ. "ಮಗಳನ್ನ ಇನ್ನೂ ಹೊರಗ ತಂದಿರಲಿಲ್ಲ. ನನ್ನ ಕೈ ಹಿಡದು, ನಿಮ್ಮ ಚೆಲ್ಲಿಗೆ ಹೇಳಬ್ಯಾಡ್ರಿ, ಹೆದರತಾಳ ಅಂದ್ಲು. ಅಂಥಾ ಹೊತ್ತಿನ್ಯಾಗ."

ಚೆಲ್ಲಿ ಎಂದರೆ ತಂಗಿ. ನನ್ನ ಮುಖವನ್ನೂ ನೋಡಿರದ ಹೆಂಗಸು. ಅವರ ಲೆಕ್ಕದಲ್ಲಿ ನಾನೂ ನಂಬದವಳೇ, ಅಕ್ಕನೂ ನಂಬದವಳೇ.

ಮೊನ್ನೆ ಸುಗುಣಮ್ಮ ಫೋನ್ ಮಾಡಿ ನಿನ್ನ ಬಗ್ಗೆ ಕೇಳಿದರು, ನಡೆಯುತ್ತಾಳೆ ಎಂದು ಹೇಳಲು ನನಗೆ ನಾಲಿಗೆ ಹೊರಳಲಿಲ್ಲ ಎಂದು ಅಕ್ಕ ಹೇಳಿದಳು. ನಾವು ಸೊಪ್ಪು ಬಿಡಿಸಿ ಮುಗಿಸಿದೆವು. ಬರುತ್ತೀಯಾ ಎಂದು ಅವಳು ಮತ್ತೆ ಕೇಳಲಿಲ್ಲ. ಕೆಳಗಿನವರೆಗೆ ಬರುತ್ತೇನೆ ಎಂದು ನಾನೇ ಹೇಳಿದೆ.

ಶುಕ್ರವಾರ ಆಟೋದಲ್ಲಿ ಹೋದೆವು. ಬೆಟ್ಟದ ಬುಡದಲ್ಲಿ, ಘಾಟಿನ ಬಳಿ ನೆರಳಿದ್ದ ಕಟ್ಟೆಯ ಮೇಲೆ ನನ್ನನ್ನು ಕೂರಿಸಿ, ನೀರಿನ ಬಾಟಲಿ ಪಕ್ಕಕ್ಕಿಟ್ಟು ಅಕ್ಕ ಮೇಲೆ ಹೋಗುವ ಬಸ್ಸು ಹತ್ತಿದಳು. ಬಸ್ಸು ಮರೆಯಾಗುವವರೆಗೆ ನೋಡಿದೆ. ಅವಳ ಜೊತೆ ಹೋಗಿ ನಿಂತಿದ್ದರೇನಾಗುತ್ತಿತ್ತು ಎಂದು ಅನಿಸಿತು. ಕೃಷ್ಣೆಯಲ್ಲಿ ಮುಳುಗೆದ್ದ ಒದ್ದೆ ಬಟ್ಟೆಯ ಜನ ಮೈ ನಡುಗಿಸುತ್ತ, ನಗುತ್ತ, ಒಬ್ಬರಿಗೊಬ್ಬರು ಕುಂಕುಮ ಹಚ್ಚುತ್ತ ನನ್ನ ಮುಂದೆ ಹಾದು ಹೋದರು. ಎಲ್ಲರೂ ಗುಂಪಿನಲ್ಲೇ ಬಂದವರು. ಪಾದ ಜುಮುಜುಮು ಎನ್ನುತ್ತಿತ್ತು, ಈಗಲೂ ಎನ್ನುತ್ತದೆ. ನಾನು ನೆಲಕ್ಕೆ ಪಾದ ಊರಿ ಕಲ್ಲಿನ ಬಿಸಿ ಎಷ್ಟು ತಿಳಿಯುತ್ತದೆ ಎಂದು ನೋಡುತ್ತ ಕೂತೆ.

ಅಕ್ಕ ಬಿಸಿಲೇರಿದ ಮೇಲೆ ಬಂದಳು. ಹಣೆಯ ತುಂಬ ಕುಂಕುಮ, ಕೈಯಲ್ಲಿ ಪ್ರಸಾದದ ಹುಳಿಯನ್ನ, ಪುಳಿಹೋರ. ಕಟ್ಟೆಯ ಮೇಲೆ ನನ್ನ ಪಕ್ಕ ಕೂತು, ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ನದಿ ನೋಡಿದಳು. ಹರಕೆ ತೀರಿತೇನು ಎಂದು ಕೇಳಿದೆ.

"ತೀರಸ್ಲಿಲ್ಲ," ಎಂದಳು. "ಆ ಹುಡುಗಿ ಏನು ಮಾಡಿತ್ತವ್ವಾ ಅಂತ ಕೇಳಿದೆ."

"ಏನಂದ್ಲು?"

"ಎಲ್ಲಿ? ಕೇಳಿ ಮುಗಸೂದರಾಗ ಪದಂಡಿ ಪದಂಡಿ ಅಂತ ಮುಂದ ನೂಕಿದ್ರು." ಪುಳಿಹೋರದ ಪೊಟ್ಟಣ ಬಿಚ್ಚಿ ನಮ್ಮಿಬ್ಬರ ನಡುವೆ ಇಟ್ಟಳು. "ಮುಂದಿನ ಶುಕ್ರವಾರ ಮತ್ತ ಹೋಗ್ತೀನಿ. ಇಲ್ಲೇ ಕುಂದರತೀಯಿಲ್ಲೋ?"

ಕೂರುತ್ತೇನೆ ಎಂದೆ.